ದುಡ್ಡು ಕೊಟ್ಟವರಿಗೇ ಬೀಗ: ಡಿಆರ್‌ಎಂ ಎಂಬ ಡಿಜಿಟಲ್ ಬೀಗದಿಂದ ನಿಮಗಾದ ತೊಂದರೆ ಏನು?

ಕುಂಜಿಬೆಟ್ಟು_ಕಾಫಿ

ಹೋದ ಭಾನುವಾರ ಅಮ್ಮನಿಗೆ ತೋರಿಸೋಣವೆಂದು ಒಂದು ಹಳೆಯ ಕನ್ನಡ ಸಿನಿಮಾವನ್ನು ಆ್ಯಪ್ ಒಂದರಲ್ಲಿ ಕೊಂಡೆ. ಬಾಡಿಗೆಗಲ್ಲ, ಖರೀದಿಯ ಗುಂಡಿಯನ್ನೇ ಒತ್ತಿದ್ದು. ಬೆಲೆಯೂ ಬಾಡಿಗೆಯ ಹಲವು ಪಟ್ಟು. ಉಡುಪಿಯ ಮನೆಯಲ್ಲಿರುವುದು ಹಳೆಯ ಪ್ರೊಜೆಕ್ಟರ್. ಲ್ಯಾಪ್‌ಟಾಪ್ ಜೋಡಿಸಿದರೆ ಹಾಡು ಕೇಳಿಸುತ್ತದೆ, ಮಾತು ಕೇಳಿಸುತ್ತದೆ, ಗೋಡೆಯ ಮೇಲೆ ಮಾತ್ರ ಕಪ್ಪು ಚೌಕ. ಅದೇ ಕೇಬಲ್ಲಿನಲ್ಲಿ ತಂಗಿಯ ಮದುವೆಯ ವಿಡಿಯೊ ಹಾಕಿದರೆ ಮಂಟಪದ ಹೂವಿನ ಬಣ್ಣವೂ ಸರಿಯಾಗಿ ಕಾಣುತ್ತದೆ. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಇದಕ್ಕಿಂತ ಆಕಾಶವಾಣಿ ವಾಸಿ, ಅದಕ್ಕೆ ದುಡ್ಡು ಕೊಡಬೇಕೆಂದಿಲ್ಲ” ಎಂದು ಎದ್ದುಹೋದರು.

ಗ್ರಾಹಕ ಸೇವೆಯವರು ಕೊಟ್ಟ ಉತ್ತರ ಒಂದೇ ಸಾಲಿನದು: ನಿಮ್ಮ ಪರದೆ ಸಂರಕ್ಷಿತ ಚಿತ್ರಗಳಿಗೆ ಹೊಂದುವುದಿಲ್ಲ. ಕೊಳ್ಳುವ ಮೊದಲು ಇದನ್ನು ಎಲ್ಲಿಯೂ ಹೇಳಿರಲಿಲ್ಲ. ಇದೇ ಸಿನಿಮಾದ ಕಳ್ಳಪ್ರತಿ ಇಟ್ಟುಕೊಂಡವನು ಇದೇ ಪ್ರೊಜೆಕ್ಟರಿನಲ್ಲಿ ಆರಾಮವಾಗಿ ನೋಡಬಹುದು ಎನ್ನುವುದು ನನಗೆ ಹೊಟ್ಟೆಯುರಿ. ಕಳ್ಳಪ್ರತಿ ಸರಿಯೋ ತಪ್ಪೋ ಎಂಬ ಪಾಠ ದಯವಿಟ್ಟು ಬೇಡ, ತಪ್ಪೆಂದು ಗೊತ್ತಿರುವುದರಿಂದಲೇ ಹಣ ಕೊಟ್ಟದ್ದು. ಇಲ್ಲಿ ಬೇರೆಯವರಿಗೂ ಹೀಗೆ ಆಗಿದೆಯೇ?

ಸುರತ್ಕಲ್_ಸರ್ಕಿಟ್

ಕೆಟ್ಟಿರುವುದು ಪ್ರೊಜೆಕ್ಟರೂ ಅಲ್ಲ, ಕೇಬಲ್ಲೂ ಅಲ್ಲ. ಇದು ಎಚ್‌ಡಿಸಿಪಿ, ಇಂಟೆಲ್ ಕಂಪನಿ ರೂಪಿಸಿದ ಬೀಗ. ಲ್ಯಾಪ್‌ಟಾಪ್ ಚಿತ್ರವನ್ನು ಹೊರಬಿಡುವ ಮೊದಲು ಎದುರಿನ ಪರದೆಯಲ್ಲಿ ಅಧಿಕೃತ ಕೀಲಿ ಇದೆಯೇ ಎಂದು ವಿಚಾರಿಸುತ್ತದೆ. ಇದ್ದರೆ ಚಿತ್ರ ಹೋಗುತ್ತದೆ, ಇಲ್ಲದಿದ್ದರೆ ಕಪ್ಪು. ನಿಮ್ಮದು ವಿಜಿಎ ಎಂಬ ಹಳೆಯ ಬಗೆಯ ವಿಡಿಯೊ ಜೋಡಣೆಯ ಪ್ರೊಜೆಕ್ಟರ್, ನಡುವೆ ಕನ್ವರ್ಟರ್ ಹಾಕಿದ್ದೀರಿ ಎಂದು ತೋರುತ್ತದೆ. ವಿಜಿಎ ಹುಟ್ಟಿದ ಕಾಲದಲ್ಲಿ ಈ ವಿಚಾರಣೆಯೇ ಇರಲಿಲ್ಲ, ಅದು ಉತ್ತರ ಕೊಡುವುದಾದರೂ ಎಲ್ಲಿಂದ?

ಈ ವ್ಯವಸ್ಥೆಯ ಮೂಲ ಕೀಲಿಯೇ 2010ರ ಸೆಪ್ಟೆಂಬರಿನಲ್ಲಿ ಅಂತರಜಾಲದಲ್ಲಿ ಬಯಲಾಯಿತು, ಅದು ಅಸಲಿಯೆಂದು ಇಂಟೆಲ್ ಒಪ್ಪಿಕೊಂಡಿತು ಕೂಡ. ಕೋಟೆ ಕೊಳ್ಳೆ ಹೋದ ಮೇಲೂ ದಿಡ್ಡಿ ಬಾಗಿಲಿಗೆ ಕಾವಲು ಮುಂದುವರಿದಿದೆ.

ಮೊಬೈಲಿನಲ್ಲೂ ಇದೇ ಕಥೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ವೈಡ್‌ವೈನ್ ಎಂಬ ವ್ಯವಸ್ಥೆ ಇದೆ. ಪ್ರೊಸೆಸರಿನ ಸುರಕ್ಷಿತ ಭಾಗದೊಳಗೇ ಬೀಗ ತೆರೆಯುವ ಫೋನು ಎಲ್1, ಬರೀ ಸಾಫ್ಟ್‌ವೇರಿನಲ್ಲಿ ತೆರೆಯುವುದು ಎಲ್3. ಎಲ್3 ಫೋನಿಗೆ ಅನೇಕ ಆ್ಯಪ್‌ಗಳು ಕೊಡುವುದು 480 ಸಾಲಿನ ಮಸುಕು ಚಿತ್ರ ಮಾತ್ರ. ಪರದೆ ಎಷ್ಟೇ ಚೆನ್ನಾಗಿರಲಿ, ತಿಂಗಳ ಶುಲ್ಕ ಎಲ್ಲರಷ್ಟೇ ಕಟ್ಟುತ್ತಿರಲಿ, ಚಿತ್ರ ಅಷ್ಟೇ. ಫೋನಿನ ಡಬ್ಬಿಯ ಮೇಲೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ದಪ್ಪ ಅಕ್ಷರದಲ್ಲಿರುತ್ತದೆ, ಇದರ ಸುದ್ದಿ ಇರುವುದಿಲ್ಲ. ಗ್ರಾಹಕರು ನೆಟ್‌ವರ್ಕನ್ನು ಬೈದುಕೊಳ್ಳುತ್ತಾ ನೋಡುತ್ತಾರೆ.

ದೋಹಾದಿಂದ_ಕುಂದಾಪುರಕ್ಕೆ

ಗಲ್ಫ್‌ನವರಿಗೆ ಇದು ಹಳೆಯ ರೋಗ ಮಾರಾಯರೇ. ಡಿವಿಡಿಗೆ ಲೋಕವನ್ನು ವಲಯಗಳಾಗಿ ಹಂಚಿದ್ದರು. ಭಾರತ 5ನೇ ವಲಯ. ಗಲ್ಫ್ ದೇಶಗಳು ಯುರೋಪ್, ಜಪಾನ್ ಜೊತೆಗೆ 2ನೇ ವಲಯ. ನಮ್ಮ ಭಾವ ರಜೆಗೆ ಬರುವಾಗ ಮಕ್ಕಳಿಗೆಂದು ಕಾರ್ಟೂನ್ ಡಿವಿಡಿಗಳ ಕಟ್ಟನ್ನೇ ತಂದರು, ಅಸಲಿ, ಹೊಲೊಗ್ರಾಮ್ ಅಂಟಿಸಿದ್ದು. ಊರಿನ ಒಳ್ಳೆಯ ಕಂಪನಿಯ ಪ್ಲೇಯರ್ ಒಂದನ್ನೂ ಒಪ್ಪಲಿಲ್ಲ. ಪಕ್ಕದ ಮನೆಯಲ್ಲಿದ್ದ, ಹೆಸರೂ ಇಲ್ಲದ ಅಗ್ಗದ ಪ್ಲೇಯರ್ ಮಾತ್ರ ಯಾವ ವಲಯವೆಂದು ಕೇಳದೆ ಎಲ್ಲವನ್ನೂ ಓಡಿಸಿತು. ಮಕ್ಕಳು ಇಡೀ ರಜೆಯನ್ನು ಅಲ್ಲೇ ಕಳೆದರು.

ಕಂಪ್ಯೂಟರಿನ ಡ್ರೈವಿನಲ್ಲಿ ವಲಯ ಬದಲಾಯಿಸಲು ಅವಕಾಶವಿತ್ತು, ಆದರೆ ಐದೇ ಸಲ. ಐದನೆಯ ಸಲ ಎಲ್ಲಿ ನಿಲ್ಲಿಸುತ್ತೀರೋ ಅದೇ ಆ ಡ್ರೈವಿನ ಖಾಯಂ ವಿಳಾಸ. ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವವನ ಲ್ಯಾಪ್‌ಟಾಪ್ ಬಹುಬೇಗ ಯಾವುದೋ ಒಂದು ದೇಶದ ಪ್ರಜೆಯಾಗಿಬಿಡುತ್ತಿತ್ತು.

ಬಿಜೈ_ಬಡಾವಣೆ

ಡಿವಿಡಿಯ ಕಾಲ ಮುಗಿಯಿತು. ಈಗ ತಿಂಗಳಿಗೆ ಒಂದು ಮಸಾಲೆದೋಸೆ, ಎರಡು ಕಾಫಿಯ ಹಣಕ್ಕೆ ಸಾವಿರಾರು ಸಿನಿಮಾ ಸಿಗುತ್ತವೆ. ಯಾವುದೋ ಹಳೆಯ ಪ್ರೊಜೆಕ್ಟರಿಗೆ ಬರಲಿಲ್ಲವೆಂದು ಇಷ್ಟು ದೊಡ್ಡ ಚರ್ಚೆ ಬೇಕೇ? ನನ್ನ ಮನೆಯಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ.

ರಥಬೀದಿ_ಓದುಗಿ

ಬಿಜೈಯವರೇ, ತಿಂಗಳ ಚಂದಾ ಕಟ್ಟಿ ನೋಡುವುದಕ್ಕೆ ಬೀಗ ಇದ್ದರೆ ನನ್ನದೂ ತಕರಾರಿಲ್ಲ. ಬಾಡಿಗೆಯ ಕರಾರು ಅದು, ಹಣ ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ. ಕುಂಜಿಬೆಟ್ಟಿನವರು ಚಂದಾ ಕಟ್ಟಿದ್ದಲ್ಲ, ಪೂರ್ತಿ ಬೆಲೆ ಕೊಟ್ಟು ಕೊಂಡದ್ದು. ಕೊಂಡ ಮೇಲೂ ಮಾರಿದವನೇ ಒಡೆಯನಾಗಿ ಉಳಿಯುತ್ತಾನಲ್ಲ, ಜಗಳ ಇರುವುದು ಅಲ್ಲಿ.

ಪುಸ್ತಕದ ವಿಷಯ ಹೇಳುತ್ತೇನೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಗ್ರಾಹಕರ ಕೈಯಲ್ಲಿದ್ದ, ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ಗಳೊಳಗಿಂದ ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಒಂದು ಆವೃತ್ತಿಯನ್ನು ದೂರದಿಂದಲೇ ಅಳಿಸಿತು. ಅದನ್ನು ಅಂಗಡಿಗೆ ಸೇರಿಸಿದವರಿಗೆ ಮಾರುವ ಹಕ್ಕು ಇರಲಿಲ್ಲವಂತೆ. ಹಣ ಮರಳಿಸಿದರು, ನಿಜ. ಆದರೆ ಅಮೆರಿಕದ ಒಬ್ಬ ವಿದ್ಯಾರ್ಥಿ ಓದುತ್ತಾ ಬರೆದಿಟ್ಟ ಟಿಪ್ಪಣಿಗಳು ಯಾವ ಸಾಲಿಗೆ ಸೇರಿದವೆಂದು ತಿಳಿಯದಂತಾಯಿತು. ಅವನು ಮೊಕದ್ದಮೆ ಹೂಡಿದ, ಕಂಪನಿ ರಾಜಿಗೆ ಬಂತು. ಕಾಗದದ ಪುಸ್ತಕದಲ್ಲಿ ಇಂಥ ತಪ್ಪಾಗಿದ್ದರೆ ಅಂಗಡಿಯವನು ನಿಮ್ಮ ಮನೆಗೆ ನುಗ್ಗಿ ಕಪಾಟು ತೆರೆಯುತ್ತಿದ್ದನೇ?

2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ತೆರೆಯುವುದನ್ನೇ ನಿಲ್ಲಿಸಿದವು, ಏಕೆಂದರೆ ಕೀಲಿ ಕೊಡುವ ಸರ್ವರ್ ಹೋಯಿತು. ಅಲ್ಲಿಯೂ ಹಣ ವಾಪಸು. ಕಿಂಡಲ್ ಪುಸ್ತಕಗಳ ಕಡತವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ದಾರಿಯನ್ನು ಅಮೆಜಾನ್ 2025ರ ಫೆಬ್ರವರಿ 26ಕ್ಕೆ ಮುಚ್ಚಿತು.

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹೆಸರಿನಲ್ಲಿ ಹಾಡುಗಳನ್ನು ಬೀಗವಿಲ್ಲದ ಎಂಪಿ3 ಕಡತಗಳಾಗಿ ಮಾರಿತು. ವ್ಯಾಪಾರ ಕುದುರಲಿಲ್ಲ, ಮರುವರ್ಷವೇ ಮುಚ್ಚಿತು. ಅಲ್ಲಿ ಕೊಂಡ ಭಾವಗೀತೆಗಳು ನನ್ನ ಬಳಿ ಈಗಲೂ ಇವೆ, ಮೂರನೆಯ ಫೋನಿಗೆ ಬಂದಿವೆ, ಹಾಡುತ್ತಿವೆ. ಅಂಗಡಿ ಮುಳುಗಿದ್ದು ಹಾಡಿಗೆ ಗೊತ್ತೇ ಇಲ್ಲ.

ಅಪ್ಪ ತೀರಿಕೊಂಡಾಗ ಅವರ ಪುಸ್ತಕಗಳೆಲ್ಲ ನನ್ನ ಪಾಲಿಗೆ ಬಂದವು. ಒಳಪುಟದಲ್ಲಿ ಹಂಪನಕಟ್ಟೆಯ ಅಂಗಡಿಯ ನೇರಳೆ ಮೊಹರು, ಅಂಚಿನಲ್ಲಿ ಅವರ ಪೆನ್ಸಿಲ್ ಗೆರೆ. ನನ್ನ ಇ-ಪುಸ್ತಕಗಳನ್ನು ಮಗಳಿಗೆ ಹೀಗೆ ಬಿಟ್ಟುಹೋಗಲಾರೆ. ಖಾತೆಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಷರತ್ತಿನಲ್ಲೇ ಇದೆ.

ಕಿನ್ನಿಗೋಳಿ_ಕ್ಯಾಸೆಟ್

ನನ್ನ ಅನುಭವ ಯಕ್ಷಗಾನದ್ದು. ಟಿವಿಯಲ್ಲಿ ಪ್ರಸಾರವಾದ ಒಳ್ಳೊಳ್ಳೆಯ ಪ್ರಸಂಗಗಳನ್ನು ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಮಳೆಗಾಲ ಮುಗಿಯುವ ಹೊತ್ತಿನ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆಂದು ನಿಮಗೆ ಗೊತ್ತು. ಒಂದು ಸಂಜೆ ಬಾಕ್ಸ್ ಸುಟ್ಟಿತು. ಪೆನ್‌ಡ್ರೈವಿಗೆ ಏನೂ ಆಗಿರಲಿಲ್ಲ. ಕಂಪನಿಯವರು ಹೊಸ ಬಾಕ್ಸ್ ಕೊಟ್ಟರು, ಅದೇ ಮಾದರಿ, ಅದೇ ಚಂದಾ ಸಂಖ್ಯೆ. ಕಡತಗಳ ಹೆಸರು, ತಾರೀಕು ಎಲ್ಲ ಕಾಣುತ್ತವೆ, ಒತ್ತಿದರೆ ಮಾತ್ರ ‘ಈ ರೆಕಾರ್ಡಿಂಗ್ ಈ ಸಾಧನಕ್ಕೆ ಸೇರಿದ್ದಲ್ಲ’ ಎಂಬ ಸಂದೇಶ. ಕೀಲಿ ಇದ್ದದ್ದು ಸುಟ್ಟುಹೋದ ಬಾಕ್ಸಿನ ಹೊಟ್ಟೆಯಲ್ಲಂತೆ. ಅದರಲ್ಲಿದ್ದ ಇಬ್ಬರು ಅರ್ಥಧಾರಿಗಳು ಈಗ ಇಲ್ಲ.

ಅದೇ ಮನೆಯಲ್ಲಿ ಎಂಬತ್ತರ ದಶಕದ ತಾಳಮದ್ದಳೆ ಕ್ಯಾಸೆಟ್ಟುಗಳಿವೆ. ಕರಾವಳಿಯ ಸೆಕೆ, ತೇವಕ್ಕೆ ಬೂಸ್ಟು ಹಿಡಿದಿತ್ತು. ಚಿಪ್ಪಿನ ಸ್ಕ್ರೂ ಬಿಚ್ಚಿ, ಟೇಪನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೇರೆ ಚಿಪ್ಪಿಗೆ ಹಾಕಿ ಕಂಪ್ಯೂಟರಿಗೆ ಇಳಿಸಿದೆ. ಚೆಂಡೆಯ ಪೆಟ್ಟು ಅಲ್ಲಲ್ಲಿ ಮಂದ, ಅರ್ಥಗಾರಿಕೆ ಮಾತ್ರ ಸ್ಪಷ್ಟ. ಬೂಸ್ಟನ್ನು ಒರೆಸಬಹುದು, ಗೂಢಲಿಪಿಯನ್ನು ಯಾವ ಬಟ್ಟೆಯಿಂದ ಒರೆಸಲಿ?

ತುಳುಪರದೆ

ಎಲ್ಲರೂ ಒಂದೇ ಕಡೆ ಕುಳಿತಿದ್ದೀರಿ, ನಾನು ಈ ಕಡೆ ಕೂರುತ್ತೇನೆ. ತುಳು ಸಿನಿಮಾಗಳ ಹಂಚಿಕೆಯಲ್ಲಿ ಕೆಲಸ ಮಾಡುವವನು ನಾನು. ನಮ್ಮ ಮಾರುಕಟ್ಟೆ ಎಂದರೆ ದಕ್ಷಿಣ ಕನ್ನಡ, ಉಡುಪಿ, ಜೊತೆಗೆ ಬೆಂಗಳೂರು, ಮುಂಬಯಿ, ಗಲ್ಫ್‌ನ ಕೆಲವು ಪ್ರದರ್ಶನಗಳು. ಹಿಂದಿಯವರಿಗೆ ಕಳ್ಳಪ್ರತಿಯಿಂದ ಲಾಭ ಕಡಿಮೆಯಾಗುತ್ತದೆ, ನಮಗೆ ಹಾಕಿದ ಬಂಡವಾಳವೇ ಹೋಗುತ್ತದೆ.

ಚಿತ್ರಮಂದಿರಕ್ಕೂ ಡಿಆರ್‌ಎಂ ಇದೆ ಎಂದು ಎಷ್ಟು ಜನರಿಗೆ ಗೊತ್ತು? ಸಿನಿಮಾ ಹಾರ್ಡ್‌ಡಿಸ್ಕಿನಲ್ಲಿ ಬಂದರೂ ಅದು ಬೀಗ ಹಾಕಿದ ಡಿಸಿಪಿ, ಅಂದರೆ ಚಿತ್ರಮಂದಿರಕ್ಕೆಂದು ತಯಾರಿಸಿದ ಡಿಜಿಟಲ್ ಪ್ರತಿ. ತೆರೆಯುವ ಕೀಲಿ, ಅಂದರೆ ಕೆಡಿಎಂ, ಬೇರೆಯಾಗಿ ಇ-ಮೇಲಿನಲ್ಲಿ ಬರುತ್ತದೆ. ಅದು ಆ ಮಂದಿರದ ಆ ಸರ್ವರಿಗೆ ಮಾತ್ರ, ಇಂಥ ದಿನದ ಇಷ್ಟು ಗಂಟೆಯಿಂದ ಇಂಥ ದಿನದ ಇಷ್ಟು ಗಂಟೆಯವರೆಗೆ ಮಾತ್ರ. ಒಮ್ಮೆ ಸರ್ವರ್ ಕೆಟ್ಟು ಬೇರೆಯದನ್ನು ಹಾಕಿದರು, ನಮಗೆ ತಿಳಿಸಲಿಲ್ಲ. ಬೆಳಗಿನ ಆಟಕ್ಕೆ ಜನ ಕುಳಿತಿದ್ದಾರೆ, ಹಳೆಯ ಕೀಲಿ ಹಿಡಿಯುತ್ತಿಲ್ಲ, ಹೊಸದು ಬರುವ ತನಕ ನಾಯಕನಟರೇ ಪರದೆಯ ಮುಂದೆ ನಿಂತು ಪ್ರೇಕ್ಷಕರನ್ನು ನಗಿಸಬೇಕಾಯಿತು. ಆದರೂ ಆ ಬೀಗ ಬೇಡವೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಹಾರ್ಡ್‌ಡಿಸ್ಕ್ ಒಂದು ಮಂದಿರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಸ್ವಚ್ಛ ಪ್ರತಿ ಹೊರಗೆ ಬೀಳುತ್ತದೆ.

ಸುರತ್ಕಲ್_ಸರ್ಕಿಟ್

ತುಳುಪರದೆಯಣ್ಣ, ನಿಮ್ಮ ಕೆಡಿಎಂ ಇಬ್ಬರು ವ್ಯಾಪಾರಿಗಳ ನಡುವಿನ ಬೀಗ. ಕರಾರು ಓದಿ ಸಹಿ ಮಾಡಿದ್ದೀರಿ, ಕೆಟ್ಟರೆ ಫೋನು ಎತ್ತುವ ಜನ ಇದ್ದಾರೆ, ಅಂದೇ ಹೊಸ ಕೀಲಿ ಬರುತ್ತದೆ. ಕಿನ್ನಿಗೋಳಿಯವರಿಗೆ ಯಾರು ಹೊಸ ಕೀಲಿ ಕಳುಹಿಸುತ್ತಾರೆ? ಇನ್ನೊಂದು ಮಾತು, ಮಂದಿರದಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರೀಕರಿಸುವವನನ್ನು ಯಾವ ಗೂಢಲಿಪಿಯೂ ತಡೆಯುವುದಿಲ್ಲ.

ತುಳುಪರದೆ

ಅದಕ್ಕೆ ಕಾನೂನು ಬಂದಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾಗಿ, ಮಂದಿರದಲ್ಲಿ ಚಿತ್ರೀಕರಿಸಿದರೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಹಣ ಕೊಟ್ಟು ಕೊಂಡವನ ಪ್ರತಿಗೆ ಇಷ್ಟು ಬಿಗಿ ಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಆದರೆ ಅದು ನನ್ನ ಕೈಯಲ್ಲಿಲ್ಲ. ಆ್ಯಪಿನವರು ತಮ್ಮ ಬೀಗದೊಂದಿಗೇ ತೆಗೆದುಕೊಳ್ಳುತ್ತಾರೆ, ತುಳು ಸಿನಿಮಾದವರ ಷರತ್ತು ಕೇಳುವವರು ಯಾರು?

ಕಪ್ಪುಕೋಟು_ಮಂಗಳೂರು

ಕಾನೂನಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬೀಗ ಮುರಿಯುವುದೇ ತಪ್ಪು. ಯಾವ ಸಂದರ್ಭಕ್ಕೆ ವಿನಾಯಿತಿ ಎಂದು ಮೂರು ವರ್ಷಕ್ಕೊಮ್ಮೆ ಬೇಡಿ ಪಡೆಯಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಮು ಸೇರಿತು. ನಮ್ಮದು ಹಾಗಿಲ್ಲ. ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಉದ್ದೇಶ ಎಂಬುದು ಇಲ್ಲಿ ಮುಖ್ಯ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಪರಾಧವಲ್ಲ ಎಂದು ಅದೇ ಕಲಮಿನ ಎರಡನೆಯ ಉಪಕಲಮು ಹೇಳುತ್ತದೆ. ಇನ್ನು 52ನೇ ಕಲಮು ಖಾಸಗಿ ಬಳಕೆಗೆ ನ್ಯಾಯೋಚಿತ ಉಪಯೋಗವನ್ನು ಒಪ್ಪುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಕಿನ್ನಿಗೋಳಿಯವರಂಥವರ ಪರವಾಗಿ ಒಳ್ಳೆಯ ವಾದ ಹೂಡಬಹುದು.

ಒಂದು ಸ್ವಾರಸ್ಯ: ಬೇರೆಯವರಿಗೆ ಬೀಗ ಬಿಡಿಸಿಕೊಡುವವನು ಅವರ ಹೆಸರು, ವಿಳಾಸ, ಗುರುತಿನ ವಿವರ, ಯಾವ ಉದ್ದೇಶಕ್ಕೆ ಎಂಬುದನ್ನೆಲ್ಲ ದಾಖಲೆ ಇಡಬೇಕು ಎಂದೂ ಅಲ್ಲಿದೆ. ನಮ್ಮ ಮೊಬೈಲ್ ರಿಪೇರಿಯವರು ಅಂಥ ಪುಸ್ತಕ ಇಟ್ಟದ್ದನ್ನು ನಾನಂತೂ ನೋಡಿಲ್ಲ.

ಹಾಗೆಂದು ಕಾನೂನು ಬಿಡುತ್ತದೆ ಎಂಬ ಮಾತ್ರಕ್ಕೆ ಬೀಗ ತೆರೆಯುವುದಿಲ್ಲವಲ್ಲ. ಹಕ್ಕು ಉಂಟು, ಸಲಕರಣೆ ಇಲ್ಲ, ಕಂಪನಿ ಕೊಡಬೇಕೆಂಬ ನಿಯಮವೂ ಇಲ್ಲ. ಅಲ್ಲಿಗೆ ನಿಮ್ಮ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಕುಂಜಿಬೆಟ್ಟಿನವರಿಗೆ: ನಿಮ್ಮದು ಹಕ್ಕುಸ್ವಾಮ್ಯದ ಪ್ರಶ್ನೆಗಿಂತ ಗ್ರಾಹಕ ವ್ಯಾಜ್ಯ. ಯಾವ ಪರದೆಯಲ್ಲಿ ಕಾಣುವುದಿಲ್ಲ ಎಂಬ ಮಾಹಿತಿಯನ್ನು ಮಾರುವ ಮೊದಲು ಮರೆಮಾಚಿದ್ದಾರೆ. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿಯದಾದರೂ ಸರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಹಣ ಪಾವತಿಯ ರಸೀದಿ, ಖರೀದಿ ಪುಟದ ಚಿತ್ರ, ಗ್ರಾಹಕ ಸೇವೆಯ ಉತ್ತರ, ಮೂರನ್ನೂ ಇಟ್ಟುಕೊಳ್ಳಿ.

ಕುಂಜಿಬೆಟ್ಟು_ಕಾಫಿ

ಧನ್ಯವಾದ ಸರ್. ಸಿನಿಮಾದ ಬೆಲೆಗಿಂತ ನನಗೆ ಅವರ ಆ ಒಂದು ಸಾಲಿನ ಉತ್ತರದ ಮೇಲೆಯೇ ಸಿಟ್ಟು. ದೂರು ಕೊಡುತ್ತೇನೆ.

ಬಿಜೈ_ಬಡಾವಣೆ

ಹೇಳಬಾರದೆಂದಿದ್ದೆ, ಹೇಳುತ್ತೇನೆ. ಮತ್ಸ್ಯಗಂಧ ರೈಲಿನಲ್ಲಿ ಮುಂಬಯಿಗೆ ಹೋಗುವಾಗ ನೋಡಲೆಂದು ಧಾರಾವಾಹಿಯ ಕಂತುಗಳನ್ನು ಮನೆಯಲ್ಲೇ ಇಳಿಸಿಕೊಂಡಿದ್ದೆ. ರತ್ನಗಿರಿ ಕಳೆದ ಮೇಲೆ ಸುರಂಗಗಳ ಸಾಲು, ಪರವಾನಗಿ ನವೀಕರಿಸಲು ಅಂತರಜಾಲಕ್ಕೆ ಬನ್ನಿ ಎಂದಿತು ಆ್ಯಪ್. ನೆಟ್‌ವರ್ಕ್ ಇಲ್ಲದ ಕಡೆ ನೋಡಲೆಂದೇ ಅಲ್ಲವೇ ಇಳಿಸಿಕೊಳ್ಳುವುದು?

ಸುರತ್ಕಲ್_ಸರ್ಕಿಟ್

ಇಳಿಸಿದ ಕಡತದ ಜೊತೆ ಗಡಿಯಾರವೂ ಇಳಿದಿರುತ್ತದೆ. ಕೆಲವು ಕಡೆ ನೋಡಲು ಶುರುಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ಹಿಂದಿನ ದಿನ ಐದು ನಿಮಿಷ ಇಣುಕಿ ನೋಡಿದ್ದರೂ ಗಡಿಯಾರ ಶುರುವಾಗಿರುತ್ತದೆ. ನಮ್ಮ ಪಂಗಡಕ್ಕೆ ಸ್ವಾಗತ.

ಕಿವಿಯಿಂದ_ಓದುವವಳು

ನನಗೆ ಕಣ್ಣು ಕಾಣುವುದಿಲ್ಲ. ಮಂಗಳೂರಿನಲ್ಲಿ ಶಿಕ್ಷಕಿ. ನಿಮ್ಮೆಲ್ಲರ ಬೀಗ ಆಗೊಮ್ಮೆ ಈಗೊಮ್ಮೆ ಎದುರಾಗುತ್ತದೆ, ನನಗೆ ಪುಸ್ತಕ ತೆರೆದಾಗಲೆಲ್ಲ.

ಫೋನಿನ ಟಾಕ್‌ಬ್ಯಾಕ್ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಈಗ ಚೆನ್ನಾಗಿ ಓದುತ್ತದೆ. ಹೋದ ತಿಂಗಳು ಒಂದು ಆ್ಯಪಿನಲ್ಲಿ ಕನ್ನಡ ಕಾದಂಬರಿಯ ಇ-ಪುಸ್ತಕ ಕೊಂಡೆ. ಅಂಗಡಿಯ ಪುಟ, ಬೆಲೆ, ಪಾವತಿ, ಎಲ್ಲವನ್ನೂ ಓದಿ ಹೇಳಿತು. ಪುಸ್ತಕ ತೆರೆದ ಕೂಡಲೇ, “ಹಿಂದೆ, ಬಟನ್. ಮುಂದೆ, ಬಟನ್. ಮೆನು, ಬಟನ್.” ಪುಟದ ಮೇಲೆ ಬೆರಳು ಎಲ್ಲಿ ಇಟ್ಟರೂ ಮೌನ. ಪಠ್ಯವನ್ನು ಯಾರೂ ನಕಲಿಸಬಾರದೆಂದು ಆ ಭಾಗವನ್ನು ಮುಚ್ಚಿದ್ದಾರೆ. ನಕಲು ಮಾಡುವ ತಂತ್ರಾಂಶಕ್ಕೂ ನನ್ನ ಕಿವಿಗೂ ಅವರಿಗೆ ವ್ಯತ್ಯಾಸವಿಲ್ಲ. ಕಣ್ಣಿರುವವನು ಪ್ರತಿ ಪುಟದ ಫೋಟೊವನ್ನು ಇನ್ನೊಂದು ಫೋನಿನಲ್ಲಿ ತೆಗೆದು ಹಂಚಬಹುದು, ಅವನನ್ನು ತಡೆಯಲಾಗಿಲ್ಲ.

2009ರಲ್ಲಿ ಕಿಂಡಲ್ ಗಟ್ಟಿಯಾಗಿ ಓದತೊಡಗಿದಾಗ ಅಮೆರಿಕದ ಲೇಖಕರ ಸಂಘವೇ ಆಕ್ಷೇಪಿಸಿತು, ಅದು ಧ್ವನಿಪುಸ್ತಕದ ವ್ಯಾಪಾರಕ್ಕೆ ಪೆಟ್ಟು ಎಂದು. ಆ ಮೇಲೆ ಯಾವ ಪುಸ್ತಕ ಬಾಯಿ ತೆರೆಯಬೇಕು, ಯಾವುದು ತೆರೆಯಬಾರದು ಎಂದು ಪ್ರಕಾಶಕರೇ ನಿರ್ಧರಿಸುವಂತಾಯಿತು. ಅಂಧ ಓದುಗರಿಗಾಗಿ 2013ರಲ್ಲಿ ಮರಾಕೇಶ್ ಒಪ್ಪಂದವಾಯಿತು, 2014ರಲ್ಲಿ ಅದನ್ನು ಸ್ಥಿರೀಕರಿಸಿದ ಮೊದಲ ದೇಶ ಭಾರತ. ನಮ್ಮ ಕಾಯ್ದೆಯ 52ನೇ ಕಲಮಿನಲ್ಲೂ ಓದಲಾಗುವ ರೂಪಕ್ಕೆ ಪರಿವರ್ತಿಸಿಕೊಳ್ಳುವ ಹಕ್ಕಿದೆ. ವಕೀಲರು ಹೇಳಿದರಲ್ಲ ಕಾಗದದ ಮೇಲಿನ ಹಕ್ಕು ಎಂದು, ನನಗಂತೂ ಆ ಕಾಗದವನ್ನೂ ಬೇರೆ ಯಾರಾದರೂ ಓದಿ ಹೇಳಬೇಕು.

ಅಚ್ಚುಮೊಳೆ

ಮೇಡಂ, ನಾವು ಇಲ್ಲಿನ ಒಂದು ಸಣ್ಣ ಪ್ರಕಾಶನದವರು. ನೀವು ಕೊಂಡದ್ದು ನಮ್ಮ ಪುಸ್ತಕವೋ ತಿಳಿಯದು, ಆದರೆ ನಮ್ಮವೂ ಅಂಥ ಆ್ಯಪಿನಲ್ಲಿವೆ. ಬೀಗ ಬೇಕೇ ಎಂದು ನಮ್ಮನ್ನು ಕೇಳಿದ್ದೇ ಇಲ್ಲ, ಕಡತ ಕಳುಹಿಸಿದೆವು, ಉಳಿದದ್ದು ಅವರೇ ಮಾಡಿದರು. ಕಳ್ಳಪ್ರತಿಯ ಹೆದರಿಕೆ ನಮಗೂ ಇದೆ. ಐನೂರು ಪ್ರತಿ ಅಚ್ಚು ಹಾಕಿ ಮಾರಲು ವರ್ಷಗಟ್ಟಲೆ ಕಾಯುವವರು ನಾವು, ಪಿಡಿಎಫ್ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಮುಗಿಯಿತು. ಆದರೂ ಕೊಂಡವರ ಹೆಸರನ್ನು ಕಡತದ ಪುಟದಲ್ಲಿ ಅಚ್ಚೊತ್ತಿ ಬೀಗವಿಲ್ಲದೆ ಕೊಡುವ ಪದ್ಧತಿಯೂ ಇದೆಯಲ್ಲ, ಅಮೆರಿಕದ ಟಾರ್ ಪ್ರಕಾಶನ 2012ರಲ್ಲೇ ತನ್ನ ಇ-ಪುಸ್ತಕಗಳ ಬೀಗ ತೆಗೆದಿದೆ. ಅದನ್ನು ನಮ್ಮಲ್ಲಿ ಯೋಚಿಸುತ್ತೇವೆ.

ನಿಮಗೆ ನಮ್ಮ ಪುಸ್ತಕಗಳ ಮೂಲ ಕಡತವನ್ನೇ ಕಳುಹಿಸಬಲ್ಲೆವು. ತೊಂದರೆ ಒಂದೇ. ಎಲ್ಲವೂ ಪೇಜ್‌ಮೇಕರಿನಲ್ಲಿ, ‘ನುಡಿ’ ಎಂಬ ಹಳೆಯ ಫಾಂಟಿನಲ್ಲಿವೆ. ಅದು ನಿಮ್ಮ ಯಂತ್ರಕ್ಕೆ ನಡೆಯುತ್ತದೆಯೇ?

ಕಿವಿಯಿಂದ_ಓದುವವಳು

ನಡೆಯುವುದಿಲ್ಲ ಸರ್. ಅದರಲ್ಲಿ ಕನ್ನಡದ ಅಕ್ಷರ ಕಾಣುವುದು ಕಣ್ಣಿಗೆ ಮಾತ್ರ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನನ್ನ ಫೋನು ಅದನ್ನು ಹಾಗೆಯೇ ಒದರುತ್ತದೆ. ಯೂನಿಕೋಡಿಗೆ, ಅಂದರೆ ಯಂತ್ರವೂ ಕನ್ನಡವೆಂದು ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಬೇಕು. ಅದಕ್ಕೆ ಉಚಿತ ತಂತ್ರಾಂಶಗಳಿವೆ, ಬಹುಪಾಲು ಸರಿಯಾಗಿಯೇ ಬರುತ್ತದೆ. ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಕೆಲವೆಡೆ ಜಾಗ ತಪ್ಪುತ್ತವೆ, ದೀರ್ಘ ಬಿಟ್ಟುಹೋಗುತ್ತದೆ. ಪೂರ್ತಿ ಪುಸ್ತಕ ಈಗಲೇ ಬೇಡ. ಒಂದು ಅಧ್ಯಾಯ ಪರಿವರ್ತಿಸಿ ಕಳುಹಿಸಿ, ಎಲ್ಲೆಲ್ಲಿ ತಪ್ಪಿದೆ ಎಂದು ಕೇಳಿಸಿಕೊಂಡು ಪಟ್ಟಿ ಮಾಡಿ ಕೊಡುತ್ತೇನೆ. ಮುಂದಿನ ಪುಸ್ತಕಗಳಿಗೂ ನಿಮಗೆ ಉಪಯೋಗವಾದೀತು.